ವಿಮಾನದ ದೂರ, ಹಾರಾಟದ ಹೊತ್ತು: ಟಿಕೆಟ್ ನೋಡುವ ಮೊದಲೇ ಅಂದಾಜು ಮಾಡುವುದು ಹೇಗೆ?

ದೂರದ ಎರಡು ವಿಮಾನ ನಿಲ್ದಾಣಗಳ ಅಂತರ ತಿಳಿಯಬೇಕೆಂದರೆ ಮೊದಲು ಗೋಡೆಯ ಭೂಪಟಕ್ಕೆ ಬೆನ್ನು ಹಾಕಿ. ಚಪ್ಪಟೆ ಹಾಳೆಯಲ್ಲಿ ಧ್ರುವಗಳ ಕಡೆಯ ನೆಲವೆಲ್ಲ ಹಿಗ್ಗಿರುತ್ತದೆ. ಅದರ ಮೇಲೆ ಅಡಿಪಟ್ಟಿ ಇಟ್ಟು ಎಳೆದ ಗೆರೆ ಹತ್ತಿರದ ದಾರಿಯೇ ಅಲ್ಲ. ಭೂಗೋಳ ಪಾಠ ಹೇಳಿ ನಿವೃತ್ತಳಾದ ನಾನು ಇಂದಿಗೂ ನಂಬುವುದು ಗ್ಲೋಬನ್ನು ಮತ್ತು ಹೊಲಿಗೆ ದಾರವನ್ನು.

30 ಸೆಂ.ಮೀ. ವ್ಯಾಸದ ಗ್ಲೋಬಿನ ಸುತ್ತಳತೆ ಸುಮಾರು 94 ಸೆಂ.ಮೀ. ಭೂಮಿಯದು ಸುಮಾರು 40,000 ಕಿ.ಮೀ. ಹಾಗಾದರೆ ದಾರದ ಒಂದು ಸೆಂ.ಮೀ.ಗೆ ಹತ್ತಿರ ಹತ್ತಿರ 425 ಕಿ.ಮೀ. ಲಂಡನ್ ಮೇಲೆ ದಾರದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನ್ಯೂಯಾರ್ಕ್‌ವರೆಗೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಐರ್ಲೆಂಡ್, ನ್ಯೂಫೌಂಡ್‌ಲ್ಯಾಂಡ್‌ಗಳ ಮೇಲೆ ಕೂರುತ್ತದೆ. ಅಳೆದರೆ 13 ಸೆಂ.ಮೀ., ಅಂದರೆ ಸುಮಾರು 5,525 ಕಿ.ಮೀ. ಲಂಡನ್ನಿನ ಹೀಥ್ರೊ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಲೆಕ್ಕ ಹಾಕಿದರೆ ಬರುವುದು ಸುಮಾರು 5,540. ದಾರಕ್ಕೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಬೇಕೇ? ಅಂತರವನ್ನು ನಾಟಿಕಲ್ ಮೈಲಿಯಲ್ಲಿ (ಹಡಗು, ವಿಮಾನಗಳವರು ಬಳಸುವ ದೂರದ ಅಳತೆ) ಕೊಟ್ಟಿದ್ದರೆ 1.852ರಿಂದ ಗುಣಿಸಿ, ಕಿ.ಮೀ. ಸಿಗುತ್ತದೆ.

ಇನ್ನು ಹೊತ್ತು. ದೊಡ್ಡ ಜೆಟ್ ವಿಮಾನಗಳು ಮೇಲೇರಿದ ಬಳಿಕ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುತ್ತವೆ. ದೂರವನ್ನು 900ರಿಂದ ಭಾಗಿಸಿ. ಏರುವಾಗ, ಇಳಿಯುವಾಗ, ರನ್‌ವೇಗೆ ತೆವಳುವಾಗ ಹೋಗುವ ಹೊತ್ತಿಗೆಂದು ಮುಕ್ಕಾಲು ಗಂಟೆ ಸೇರಿಸಿ. ನಮ್ಮ ಉದಾಹರಣೆಗೆ ಏಳು ಗಂಟೆಯ ಆಸುಪಾಸು ಬರುತ್ತದೆ. ನ್ಯೂಯಾರ್ಕಿನಿಂದ ಲಂಡನ್ನಿಗೆ ವೇಳಾಪಟ್ಟಿಯಲ್ಲೂ ಸುಮಾರು ಅಷ್ಟೇ. ಆದರೆ ಅದೇ ದಾರಿಯಲ್ಲಿ ಪಶ್ಚಿಮಕ್ಕೆ ಮರಳಲು ಸುಮಾರು ಎಂಟು ಗಂಟೆ ಬೇಕು. ಮಧ್ಯ ಅಕ್ಷಾಂಶಗಳ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಎತ್ತರದ ರಭಸದ ಗಾಳಿ ಒಬ್ಬರ ಬೆನ್ನು ತಳ್ಳುತ್ತದೆ, ಇನ್ನೊಬ್ಬರ ಎದೆಗೆ ಬಡಿಯುತ್ತದೆ. ಚಳಿಗಾಲದಲ್ಲಿ ಅದರ ಅಬ್ಬರ ಇನ್ನೂ ಜೋರು. 2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಗೂ ಕಡಿಮೆ ಹೊತ್ತಿನಲ್ಲಿ ತಲುಪಿತು.

ದಾರ ಹೇಳದ ಸಂಗತಿ ಇನ್ನೊಂದಿದೆ: ಯಾರ ಆಕಾಶ ತೆರೆದಿದೆ, ಯಾರದು ಮುಚ್ಚಿದೆ ಎಂಬುದು. ಹೆಲ್ಸಿಂಕಿಯಿಂದ ಟೋಕಿಯೊಗೆ ದಾರ ಎಳೆದರೆ ರಷ್ಯಾದ ಮೇಲೆಯೇ ಹಾಯುತ್ತದೆ, ಸುಮಾರು 7,830 ಕಿ.ಮೀ. ನಮ್ಮ ಸೂತ್ರದಂತೆ ಒಂಬತ್ತೂವರೆ ಗಂಟೆ; ಮೊದಲು ಆಗುತ್ತಿದ್ದುದೂ ಅಷ್ಟೇ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ಮೇಲೆ ಫಿನ್ಲೆಂಡಿನ ವಿಮಾನಗಳು ಸುತ್ತು ಬಳಸಬೇಕಾಗಿ, ಪ್ರಯಾಣ ಸುಮಾರು 13 ಗಂಟೆಗೆ ಬೆಳೆಯಿತು. ಹಾಗಾಗಿ ಲೆಕ್ಕಕ್ಕೂ ವೇಳಾಪಟ್ಟಿಗೂ ಎರಡು ಮೂರು ಗಂಟೆ ವ್ಯತ್ಯಾಸ ಕಂಡರೆ ಲೆಕ್ಕವನ್ನು ಬೈಯುವ ಮೊದಲು ದಾರಿಯನ್ನು ನೋಡಿ.

ಟಿಕೆಟ್ಟಿನಲ್ಲಿ ಹೊರಡುವ, ತಲುಪುವ ಸಮಯಗಳು ಆಯಾ ಊರಿನ ಗಡಿಯಾರದವು. ನೇರವಾಗಿ ಕಳೆಯಲು ಹೋದರೆ ತಮಾಷೆಯಾಗುತ್ತದೆ: ಜುಲೈಯಲ್ಲಿ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟವರು ಲಾಸ್ ಏಂಜಲಿಸ್‌ನಲ್ಲಿ ಅದೇ ದಿನ ಬೆಳಿಗ್ಗೆ 11ಕ್ಕೆ ಇಳಿಯಬಹುದು. ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯಕ್ಕೆ, ತನ್ನಿ. ಟೋಕಿಯೊ 9 ಗಂಟೆ ಮುಂದೆ, ಹಾಗಾಗಿ ಹೊರಟದ್ದು ಬೆಳಿಗ್ಗೆ 8. ಲಾಸ್ ಏಂಜಲಿಸ್ ಬೇಸಿಗೆಯಲ್ಲಿ 7 ಗಂಟೆ ಹಿಂದೆ, ಇಳಿದದ್ದು ಸಂಜೆ 6. ಹಾರಾಟ 10 ಗಂಟೆ. ಅಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ; ಚಳಿಗಾಲದಲ್ಲಾದರೆ ಆ ಏಳನ್ನು ಎಂಟು ಮಾಡಿಕೊಳ್ಳಿ. ಜಪಾನಿನ ಗಡಿಯಾರ ವರ್ಷವಿಡೀ ಬದಲಾಗುವುದಿಲ್ಲ.