ವಾಪಸ್ ಗಡುವು ಮುಗಿದ ಮೇಲೆ ಡಿವಿಡಿ ಕೈಕೊಟ್ಟರೆ

ಹಳೇ ಸಿನಿಮಾಗಳ ಒಂದು ಸೆಟ್ ತರಿಸಿದ್ದೆ. ಒಟ್ಟು 8 ಡಿವಿಡಿ. ದೀಪಾವಳಿ ರಜೆಗೆ ಎಲ್ಲರೂ ಕೂತು ನೋಡೋಣ ಅಂತ ಸೀಲ್ ಕೂಡ ಒಡೆಯದೆ ಕಪಾಟಿನಲ್ಲಿಟ್ಟೆ. ಹಬ್ಬದ ರಾತ್ರಿ ಮೂರನೇ ಡಿಸ್ಕ್ 1 ಗಂಟೆ 10ನೇ ನಿಮಿಷಕ್ಕೆ ನಿಂತಿತು. ಚಿತ್ರ ಚೌಕ ಚೌಕವಾಗಿ ಒಡೆಯಿತು, ನಾಯಕನ ಬಾಯಿ ಅರ್ಧ ತೆರೆದೇ ಉಳಿಯಿತು. ಬಿಲ್ ತೆಗೆದು ನೋಡಿದರೆ ವಾಪಸ್ ಕೊಡಲು ಇದ್ದದ್ದು 10 ದಿನ. ಆಗಲೇ ನಾಲ್ಕು ತಿಂಗಳಾಗಿತ್ತು. ಆದರೂ ಬೇರೆ ಡಿಸ್ಕ್ ಬಂತು. ಹೇಗೆ ಅಂತ ಹೇಳುತ್ತೇನೆ.

ತಪ್ಪು ಡಿಸ್ಕಿನದ್ದೇ?

ಪ್ಲೇಯರಿನ ಲೆನ್ಸ್ ಮೇಲೆ ಧೂಳು ಕೂತರೂ ಚಿತ್ರ ಹೀಗೇ ನಿಲ್ಲುತ್ತದೆ. ಹಾಗಾಗಿ ಇನ್ನೊಂದು ಪ್ಲೇಯರಿನಲ್ಲೋ, ಯಾರದ್ದಾದರೂ ಹಳೇ ಲ್ಯಾಪ್‌ಟಾಪಿನಲ್ಲೋ ಹಾಕಿ ನೋಡಿ. ಅಲ್ಲೂ ಅದೇ ನಿಮಿಷಕ್ಕೆ ನಿಂತರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಎರಡು ವಿಷಯ ದೋಷದಂತೆ ಕಂಡರೂ ದೋಷವಲ್ಲ. ಡಿಸ್ಕ್ ಹಾಕಿದ ಕೂಡಲೇ ರೀಜನ್ ಸರಿಯಿಲ್ಲ ಅಂತ ಬಂದರೆ ಅದು ಬೇರೆ ದೇಶಕ್ಕೆ ಮಾಡಿದ ಡಿಸ್ಕ್. ಭಾರತ ರೀಜನ್ 5, ಅಮೆರಿಕ ರೀಜನ್ 1. ಡಬ್ಬಿಯ ಹಿಂದೆ ಪುಟ್ಟ ಭೂಗೋಳದ ಚಿತ್ರದೊಳಗೆ ಈ ಅಂಕಿ ಇರುತ್ತದೆ. ಇನ್ನು, 8.5 ಜಿಬಿಯ ಡಿಸ್ಕಿಗೆ ಎರಡು ಪದರ. ಲೇಸರ್ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಚಿತ್ರ ಅರೆಕ್ಷಣ ತಡವರಿಸುವುದು ಮಾಮೂಲು.

ಆಮೇಲೆ ಒರೆಸಿ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ. ತಟ್ಟೆ ತೊಳೆದ ಹಾಗೆ ಗುಂಡಗೆ ತಿಕ್ಕಬೇಡಿ. ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅದರ ಉದ್ದಕ್ಕೇ ಗೀರು ಬಿದ್ದರೆ ಪ್ಲೇಯರಿಗೆ ಸರಿಪಡಿಸಿಕೊಂಡು ಓದಲು ಏನೂ ಉಳಿಯುವುದಿಲ್ಲ. ಟೂತ್‌ಪೇಸ್ಟ್ ಹಚ್ಚುವ ಮನೆಮದ್ದು ಸದ್ಯಕ್ಕಂತೂ ಬೇಡ. ಡಿಸ್ಕ್ ಬದಲಿಸಿ ಕೊಡಿ ಅಂತ ಕೇಳುವ ಮೊದಲು ನಾವೇ ಅದನ್ನು ಉಜ್ಜಿ ಇಟ್ಟರೆ ಅವರಿಗೆ ನೆಪ ಕೊಟ್ಟಂತೆ, ಅಲ್ವಾ?

ಈಗ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ಮುಖ್ಯವಾದ ಪರೀಕ್ಷೆ ಇದೇ. ಡಿವಿಡಿ ಅಂದರೆ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿದ್ದು. ಹೊಳೆಯುವ ಲೋಹದ ಪದರ ಅವುಗಳ ನಡುವೆ ಇದೆ. ಅಂಟು ಬಿಟ್ಟರೆ, ಲೋಹಕ್ಕೆ ಗಾಳಿ ತೇವ ತಾಗಿದರೆ, ಮೇಲೆ ಒಂದು ಗೀರಿಲ್ಲದೆಯೂ ಡಿಸ್ಕ್ ಸಾಯುತ್ತದೆ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು, ಅಂಚಿನಿಂದ ಒಳಕ್ಕೆ ಹಬ್ಬಿದ ಮಬ್ಬು, ಕಾಫಿ ಕಲೆಯಂಥ ಕಂದು ಕಂಡರೆ ಇದನ್ನೇ ಅನುಮಾನಿಸಿ. ಸಂಗ್ರಹಕಾರರು ಡಿಸ್ಕ್ ರಾಟ್ ಅನ್ನುತ್ತಾರೆ. ಬಿಸಿಲು, ತೇವದಲ್ಲಿ ಇಡದ ಹೊಸ ಡಿಸ್ಕಿನಲ್ಲಿ ಇದು ಕಂಡರೆ ತಪ್ಪು ಬಹುಪಾಲು ತಯಾರಿಕೆಯದು. ನಿಮ್ಮ ವಾದಕ್ಕೆ ಬಲ ಬರುವುದೇ ಇಲ್ಲಿ.

ವರ್ಷಗಳಾದ ಮೇಲೆ ಯಾರು ಬದಲಿಸಿ ಕೊಡುತ್ತಾರೆ ಅನ್ನಬೇಡಿ. ವಾರ್ನರ್ ಬ್ರದರ್ಸ್ 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳಲ್ಲಿ ತೊಂದರೆ ಇರಬಹುದು ಎಂದು 2025ರಲ್ಲಿ ಒಪ್ಪಿಕೊಂಡಿತು. ಸಾಧ್ಯವಿದ್ದಲ್ಲಿ ಅದೇ ಸಿನಿಮಾ, ಅದು ಮುದ್ರಣದಲ್ಲಿಲ್ಲದಿದ್ದರೆ ಅಷ್ಟೇ ಬೆಲೆಯ ಬೇರೆ ಸಿನಿಮಾ ಕೊಡುತ್ತಿರುವುದಾಗಿ ಹೇಳಿತು. ಹೆಚ್ಚುಕಡಿಮೆ 17 ವರ್ಷದ ಮೇಲೆ!

ಸಾಕ್ಷಿ, ಆಮೇಲೆ ಪತ್ರ

ಡಿಸ್ಕ್ ನಿಲ್ಲುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ನಿಮಿಷ ಕಾಣುವಂತಿರಲಿ. ಎರಡೂ ಮುಖಗಳ ಫೋಟೋ ತೆಗೆಯಿರಿ. ನಡುವಿನ ತೂತಿನ ಸುತ್ತ ಕೊರೆದ ಸಣ್ಣ ಅಕ್ಷರ, ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಯಾವ ಅಚ್ಚಿನ ಡಿಸ್ಕ್ ಅನ್ನುವ ಗುರುತು ಅದು. ಬಿಲ್ ಕಳೆದಿದ್ದರೆ ಆರ್ಡರ್ ಮೇಲ್ ಹುಡುಕಿ.

ಮೊದಲು ಮಾರಿದವರನ್ನೇ ಕೇಳಿ. ಆ್ಯಪಿನಲ್ಲಿ ವಾಪಸ್ ಬಟನ್ ಮಾಯವಾಗಿರುತ್ತದೆ, ಅದನ್ನು ಹುಡುಕುತ್ತಾ ಕೂರಬೇಡಿ. ನೇರವಾಗಿ ಬರೆಯಿರಿ. ನಾನು ಮೊದಲು ಸಿಟ್ಟಿನಲ್ಲಿ ಪೂರ್ತಿ ಹಣ ವಾಪಸ್ ಕೇಳಿದ್ದೆ. ನಿಯಮದ ಪ್ರಕಾರ ಆಗುವುದಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಎರಡನೇ ಸಲ ಹೀಗೆ ಬರೆದೆ: "ಇಂಥ ದಿನ ಕೊಂಡ ಸೆಟ್‌ನ 3ನೇ ಡಿಸ್ಕ್ ಎರಡು ಪ್ಲೇಯರಿನಲ್ಲೂ 1 ಗಂಟೆ 10ನೇ ನಿಮಿಷಕ್ಕೆ ನಿಲ್ಲುತ್ತದೆ. ಗೀರಿಲ್ಲ, ಫೋಟೋ ಲಗತ್ತಿಸಿದ್ದೇನೆ. ಗಡುವು ಮುಗಿದಿರುವುದು ಗೊತ್ತು. ಹಣ ಬೇಡ, ಆ ಒಂದು ಡಿಸ್ಕ್ ಬದಲಿಸಿ ಕೊಡಿ." ವಾರದೊಳಗೆ ಒಪ್ಪಿದರು. ಕೇಳಿದ್ದು ಸಣ್ಣದಾದಷ್ಟೂ ಕೊಡುವುದು ಸುಲಭ.

ಮಾರಿದವರು ಕೈ ಚೆಲ್ಲಿದರೆ ಡಬ್ಬಿಯ ಹಿಂದೆ ಹೆಸರಿರುವ ಡಿವಿಡಿ ಕಂಪನಿಗೆ ಅದೇ ಪತ್ರ ಕಳಿಸಿ. ಕಂಪನಿಯೇ ಮುಚ್ಚಿದ್ದರೆ ದಾರಿಯಿಲ್ಲ. 2007ರ ಸುಮಾರಿಗೆ 34 ರೂಪಾಯಿಗೆ ಡಿವಿಡಿ ಮಾರಿ ಮನೆಮನೆ ತುಂಬಿಸಿದ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮಾರಾಟಕ್ಕೆ ಬಿತ್ತು. ಆ ಡಿಸ್ಕುಗಳನ್ನು ಈಗ ಯಾರ ಮನೆ ಬಾಗಿಲಿಗೆ ಒಯ್ಯುವುದು?

ಕಾನೂನು ಎಷ್ಟು ದೂರ

ಗಡುವು ಅಂಗಡಿಯವರ ನಿಯಮ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಲೆಕ್ಕ ಬೇರೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಆದರೆ 300 ರೂಪಾಯಿಯ ಡಿಸ್ಕಿಗೆ ಅಷ್ಟು ಓಡಾಟ ಬೇಕಾ? ನನ್ನ ಪ್ರಕಾರ ಬೇಡ. ಅದಕ್ಕಿಂತ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ತಾಣದ ಕುಂದುಕೊರತೆ ಅಧಿಕಾರಿಗೂ ದೂರು ಕೊಡಿ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ.

ಮದುವೆ ಡಿವಿಡಿಯ ಕಥೆ ಬೇರೆ. ಅದು ಅಚ್ಚು ಹಾಕಿದ್ದಲ್ಲ, ಬಣ್ಣದ ಪದರದ ಮೇಲೆ ಲೇಸರಿನಿಂದ ಬರೆದದ್ದು. ವರ್ಷ ಕಳೆದಂತೆ ಆ ಬಣ್ಣ ಮಾಸುತ್ತದೆ. ಸ್ಟುಡಿಯೋದವರ ಹಾರ್ಡ್ ಡಿಸ್ಕಿನಲ್ಲಿ ಮೂಲ ಉಳಿದಿದೆಯಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಎರಡು ಮೂರು ಬೇರೆ ಬೇರೆ ಡ್ರೈವ್‌ಗಳಲ್ಲಿ ಹಾಕಿ ಕಾಪಿ ಮಾಡಲು ನೋಡಿ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಕೆಟ್ಟ ಜಾಗವನ್ನು ಬಿಟ್ಟು ಉಳಿದದ್ದನ್ನು ಮೊದಲು ಎತ್ತಿಟ್ಟುಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಮತ್ತೆ ಮತ್ತೆ ಕೈ ಹಾಕುತ್ತದೆ. ಬಿರುಕು ಬಿಟ್ಟ ಡಿಸ್ಕ್ ಮಾತ್ರ ಡ್ರೈವಿಗೆ ಹಾಕಬೇಡಿ, ಒಳಗೇ ಚೂರಾಗುತ್ತದೆ.

ಪತ್ರ ಬರೆಯುವ ಮೊದಲು ಸೆಟ್‌ನ ಎಲ್ಲ ಡಿಸ್ಕುಗಳನ್ನೂ ಕೊನೆಯವರೆಗೆ ಓಡಿಸಿ ನೋಡಿ. ನಾನು ನೋಡಿರಲಿಲ್ಲ. ಹೊಸ 3ನೇ ಡಿಸ್ಕ್ ಬಂದ ಸಂಜೆ ಸುಮ್ನೆ ಉಳಿದವನ್ನೂ ಹಾಕಿದೆ. 7ನೆಯದು ಕೊನೆಯ ಹಾಡಿಗೆ ನಿಂತಿತು. ಅದೇ ಜನರಿಗೆ ಮತ್ತೆ ಪತ್ರ ಬರೆಯುವಾಗ ಸ್ವಲ್ಪ ನಾಚಿಕೆಯಾಯಿತು.