ಮಣ್ಣಲ್ಲಿ ಸಿಕ್ಕಿದ್ದು ಏನು? ಉಜ್ಜುವ ಮೊದಲು ಓದಿ

ಮೆಟಲ್ ಡಿಟೆಕ್ಟರ್ ಕೂಗಿತು, ಅಗೆದಿರಿ, ಹಸಿರು ಹಿಡಿದ ಏನೋ ಒಂದು ಕೈಗೆ ಬಂತು. ತಕ್ಷಣ ಪ್ಯಾಂಟಿಗೆ ಉಜ್ಜಬೇಕು ಅನ್ನಿಸುತ್ತೆ ಅಲ್ವಾ? ಬೇಡ. ಅಕ್ಷರ, ಗೆರೆಗಳು ಎಷ್ಟೋ ಸಲ ಆ ಹಸಿರು ಪದರದಲ್ಲೇ ಉಳಿದಿರುತ್ತವೆ. ನಿಂಬೆರಸ, ವಿನೆಗರ್ ಅಂತೂ ಹತ್ತಿರ ತರಲೇಬೇಡಿ.

ಮೊದಲು ಅಲ್ಲೇ ಒಂದು ಫೋಟೊ ತೆಗೆಯಿರಿ. ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಇನ್ನೇನಿತ್ತು, ಬರೆದಿಡಿ. ಆಳದಲ್ಲಿ ಸಿಕ್ಕಿದ್ದೆಲ್ಲ ಹಳೆಯದಲ್ಲ, ಉತ್ತ ಹೊಲದಲ್ಲಿ ಎಲ್ಲವೂ ಮೇಲೆ ಕೆಳಗೆ ಆಗಿರುತ್ತದೆ. ಫಿರಂಗಿ ಶೆಲ್ಲೋ ಗ್ರೆನೇಡೋ ಅನ್ನಿಸಿದರೆ ಮಾತ್ರ ಮುಟ್ಟದೆ ದೂರ ಹೋಗಿ ಪೊಲೀಸರಿಗೆ ತಿಳಿಸಿ.

ಇದು ಏನು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಯಾವ ಲೋಹ ಅಂತ ನೋಡಿ. ಅಯಸ್ಕಾಂತಕ್ಕೆ ಅಂಟಿತೇ? ಹೆಚ್ಚಾಗಿ ಕಬ್ಬಿಣ. ಹಸಿರಾಗಿದ್ದರೆ ತಾಮ್ರ, ಹಿತ್ತಾಳೆ ಅಥವಾ ಕಂಚು. ಬೆಳ್ಳಿ ಕಪ್ಪಾಗುತ್ತದೆ, ಸೀಸ ಬೂದು ಬಿಳಿ ಬಣ್ಣಕ್ಕೆ ತಿರುಗುತ್ತದೆ, ಒಳ್ಳೆ ಚಿನ್ನ ಹೇಗಿತ್ತೋ ಹಾಗೇ ಇರುತ್ತದೆ. ಅನುಮಾನ ಇದ್ದರೆ ಒಂದು ಸುಲಭ ಉಪಾಯ: ವಸ್ತುವನ್ನು ತೂಗಿ, ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ವಸ್ತುವನ್ನು ದಾರದಲ್ಲಿ ಕಟ್ಟಿ ತಳ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಆ ಲೋಹ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಗೊತ್ತಾಗುತ್ತದೆ. 45 ಗ್ರಾಂ ವಸ್ತು, ಅಂಕಿ 5 ಅಂದರೆ ಉತ್ತರ 9, ತಾಮ್ರದ ಹತ್ತಿರ. ಬೆಳ್ಳಿ 10.5, ಸೀಸ 11.3, ಚಿನ್ನ 19.3. ಅಲ್ಯುಮಿನಿಯಂ ಬರೀ 2.7. ಆ ಲೋಹ ಅಗ್ಗವಾಗಿದ್ದು 1886ರಲ್ಲಿ ಹೊಸ ತಯಾರಿಕೆ ವಿಧಾನ ಬಂದ ಮೇಲೆ, ಹಾಗಾಗಿ ನಿಮ್ಮ ಅಲ್ಯುಮಿನಿಯಂ ಬಿಲ್ಲೆ ಪ್ರಾಚೀನ ರಾಜರ ಕಾಲದ್ದು ಅನ್ನುವ ಆಸೆ ಬಿಡಿ.

ಇನ್ನು ಮಾಡಿದ ರೀತಿ. ದುಂಡನೆ ಬಿಲ್ಲೆಯ ಹಿಂಬದಿಯಲ್ಲಿ ಕೊಂಡಿ ಇದ್ದರೆ, ಅಥವಾ ಕೊಂಡಿ ಮುರಿದ ಗುರುತು ಇದ್ದರೆ, ಅದು ಹೆಚ್ಚಾಗಿ ನಾಣ್ಯವಲ್ಲ, ಬಟ್ಟೆಯ ಗುಂಡಿ. ಈ ಎಡವಟ್ಟು ನಾನೂ ಮಾಡಿದ್ದೇನೆ. ಪ್ಲಸ್ ಆಕಾರದ ತಲೆಯ ಫಿಲಿಪ್ಸ್ ಸ್ಕ್ರೂ ಕಂಡರೆ ಅದು 1930ರ ದಶಕಕ್ಕಿಂತ ಹಿಂದಿನದಲ್ಲ, ಆದರೆ ರಿಪೇರಿಯಲ್ಲಿ ಸ್ಕ್ರೂ ಬದಲಾಗಿರಬಹುದು ಅನ್ನುವುದೂ ನೆನಪಿರಲಿ. ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿಯಿರಿ, ನೆರಳಲ್ಲಿ ಎದ್ದು ಕಾಣುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಬದಿ ಫೋಟೊ ತೆಗೆದು, ತೂಕವನ್ನೂ ಬರೆದು ಮ್ಯೂಸಿಯಂಗೆ ಕಳಿಸಿ. ಅವರು ಮೊದಲು ಕೇಳುವುದು ಎಲ್ಲಿ ಸಿಕ್ಕಿತು ಅಂತ.