ಪ್ಲಗ್ ಬಿಚ್ಚದೆ ಗ್ಲೋ ಸರ್ಕ್ಯೂಟಿನ ದೋಷ ಹಿಡಿದಿದ್ದು: ನನ್ನ ಅನುಭವ

ತಣ್ಣಗಿರುವ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರಿನ ಒಳಗನ್ನು ಕಾಯಿಸುವುದು ಗ್ಲೋ ಪ್ಲಗ್. ಅದಕ್ಕೆ ಕರೆಂಟ್ ಒಯ್ಯುವ ಮೇನ್ ವೈರಿಗೆ, ವೈರ್ ಬಿಚ್ಚದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ಇಪ್ಪತ್ತು ಸೆಕೆಂಡು ನೋಡಿದರೆ ಸಾಕು, ದೋಷ ಪ್ಲಗ್ಗಿನದೋ, ಅದಕ್ಕೆ ಸ್ವಿಚ್ಚಿನಂತಿರುವ ರಿಲೇಯದೋ, ವೈರಿಂಗಿನದೋ ಹೆಚ್ಚುಕಡಿಮೆ ಗೊತ್ತಾಗುತ್ತದೆ ಅಂದಾಗ ಕೆಲಸ ಬಲ್ಲವರೇ ನಕ್ಕಿದ್ದರು. ‘ಓಮ್ ಮೀಟರ್ ಇರುವಾಗ ಇದೆಲ್ಲ ಯಾಕೆ?’ ಅಂತ. ಈಗ ಅದೇ ಕ್ಲ್ಯಾಂಪನ್ನು ಎರವಲು ಕೇಳುವವರೂ ಅವರೇ.

ಓಮ್ ಮೀಟರ್ ಇಲ್ಲಿ ಯಾಕೆ ಕೈಕೊಡುತ್ತದೆ ಅಂದರೆ, ತಣ್ಣಗಿರುವ 12 ವೋಲ್ಟ್ ಪ್ಲಗ್ಗಿನ ರೆಸಿಸ್ಟೆನ್ಸೇ ಹೆಚ್ಚುಕಡಿಮೆ 0.6 ಓಮ್. ಮೀಟರಿನ ಲೀಡುಗಳೇ 0.2, 0.3 ತೋರಿಸುತ್ತವೆ. ಪೂರ್ತಿ ಓಪನ್ ಆದ ಪ್ಲಗ್ ಸಿಗುತ್ತದೆ, ನಿಜ. ಆದರೆ ಒಳಗಿನ ಕಾಯಿಲ್ ನಡುವೆ ಪ್ಲಗ್ಗಿನ ಲೋಹದ ಮೈಗೆ ತಾಗಿ, ತುದಿ ಬಿಟ್ಟು ಹೊಟ್ಟೆ ಕಾಯುವ ಪ್ಲಗ್ ಇದರಲ್ಲಿ ‘ಪಾಸ್’ ಆಗಿಬಿಡುತ್ತದೆ. ಟೆಸ್ಟ್ ಲ್ಯಾಂಪ್ ಇನ್ನೂ ಮೋಸ: ರಿಲೇ ಪಾಯಿಂಟ್ ಅರ್ಧ ಸುಟ್ಟಿದ್ದರೂ ಲ್ಯಾಂಪ್ ಝಗ್ಗನೆ ಉರಿಯುತ್ತದೆ, ಅದಕ್ಕೆ ಬೇಕಾದ ಕರೆಂಟೇ ಅಷ್ಟು ಕಡಿಮೆ. ಡ್ಯಾಶಿನ ಸುರುಳಿ ಲೈಟನ್ನಂತೂ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಅದು ಟೈಮರ್ ಹೇಳಿದ ಹಾಗೆ ಆರುತ್ತದೆ, ಪ್ಲಗ್ ಕಾದಿದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ.

ರಿಲೇ ಇರುವ ನಾಲ್ಕು ಸಿಲಿಂಡರ್ ಎಂಜಿನ್ನಿನ ಲೆಕ್ಕ ಹೇಳುತ್ತೇನೆ. ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿ ಚಾರ್ಜ್ ಆಗಿರಲಿ. ಕ್ಲ್ಯಾಂಪ್ ಸೊನ್ನೆ ಮಾಡಿ ರಿಲೇಯಿಂದ ಪ್ಲಗ್ಗಿಗೆ ಹೋಗುವ ದಪ್ಪ ವೈರಿಗೆ ಹಾಕಿ, ಕೀ ಆನ್ ಮಾಡಿ. ಆರೋಗ್ಯವಾಗಿದ್ದರೆ ಮೊದಲು 80 ಆಂಪಿಯರ್ ಆಸುಪಾಸು ಏರಿ, ಹತ್ತು ಹದಿನೈದು ಸೆಕೆಂಡಿನಲ್ಲಿ 40ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಪ್ಲಗ್ಗಿಗೆ 20ರಿಂದ 10. 60ಕ್ಕೆ ಏರಿ 30ಕ್ಕೆ ಇಳಿದರೆ ಒಂದು ಪ್ಲಗ್ ಸತ್ತಿದೆ. ಸೊನ್ನೆ ಆದರೆ ಪ್ಲಗ್ ಮುಟ್ಟಲೇಬೇಡಿ; ಫ್ಯೂಸ್, ರಿಲೇ, ಅದಕ್ಕೆ ಬರುವ ಸಿಗ್ನಲ್ ನೋಡಿ.

ಅಗ್ಗದ ಕ್ಲ್ಯಾಂಪಿನ ಡಿಸ್‌ಪ್ಲೇ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುತ್ತದೆ, ಮೊದಲ ಏರು ಕಣ್ಣಿಗೆ ಸಿಗುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿ ಫ್ರೇಮ್ ಫ್ರೇಮಾಗಿ ನೋಡಿದೆ, ಪರವಾಗಿಲ್ಲ. ಆ ಮೊದಲ ಏರನ್ನು ಹಿಡಿದಿಟ್ಟು ತೋರಿಸುವ ‘ಇನ್‌ರಷ್ ಹೋಲ್ಡ್’ ಇರುವ ಮೀಟರಾದರೆ ಆ ರಗಳೆಯೇ ಇಲ್ಲ. ಕ್ಲ್ಯಾಂಪ್ ಇಲ್ಲದೆ ಬರೀ ಬ್ಯಾಟರಿ ವೋಲ್ಟೇಜ್ ಎಷ್ಟು ಕುಸಿಯಿತು ಅಂತ ನೋಡಿ ಲೆಕ್ಕ ಹಾಕುವ ಪ್ರಯೋಗವನ್ನೂ ಮಾಡಿದೆ. ಬ್ಯಾಟರಿ ಹಳತಾದಷ್ಟೂ ಕುಸಿತ ಬೇರೆ ಬೇರೆ, ಕೈಬಿಟ್ಟೆ.

ಹೆಚ್ಚು ದುಡ್ಡು ಹಾಳಾಗುವುದು 45, 50 ಆಂಪಿಯರ್ ಬಂದಾಗ. ‘ಎರಡು ಪ್ಲಗ್ ಹೋಗಿವೆ’ ಅಂತ ಸೆಟ್ ಬದಲಿಸುತ್ತಾರೆ, ತೊಂದರೆ ಹಾಗೇ ಇರುತ್ತದೆ; ಆಮೇಲೆ ಸೆಟ್ಟಿಗಿಂತ ದುಬಾರಿಯಾದ, ಪ್ಲಗ್ಗುಗಳನ್ನು ನಿಯಂತ್ರಿಸುವ ಕಂಟ್ರೋಲರಿಗೂ ಕೈ ಹಾಕುತ್ತಾರೆ. ಈ ಗೊಂದಲಕ್ಕೆ ಒಂದೇ ಅಳತೆ ಸಾಕು. ಕರೆಂಟ್ ಹರಿಯುತ್ತಿರುವಾಗಲೇ ಪ್ಲಗ್ಗುಗಳನ್ನೆಲ್ಲ ಜೋಡಿಸುವ ಲೋಹದ ಪಟ್ಟಿಯ ಮೇಲೆ ವೋಲ್ಟೇಜ್ ನೋಡಿ. 11ರ ಮೇಲಿದ್ದರೆ ಪ್ಲಗ್ಗುಗಳೇ ಸತ್ತಿವೆ. 7, 8ಕ್ಕೆ ಬಿದ್ದಿದ್ದರೆ ಪ್ಲಗ್ ಚೆನ್ನಾಗಿವೆ, ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಸೇರಿಕೊಂಡು ವೋಲ್ಟೇಜ್ ಅಲ್ಲೇ ಬಿಸಿಯಾಗಿ ನಷ್ಟವಾಗುತ್ತಿದೆ. ನಾಲ್ಕೂ ಸೇರಿ 0.15 ಓಮ್ ಇರುವ ಕಡೆ ರಿಲೇ ಪಾಯಿಂಟಿನಲ್ಲಿ 0.1 ಓಮ್ ಸೇರಿಕೊಂಡರೂ ಸಾಕು, ಐದು ವೋಲ್ಟ್ ಅಲ್ಲೇ ಮಾಯ. ಆ 0.1 ಓಮನ್ನು ಯಾವ ಸಾಧಾರಣ ಮೀಟರೂ ನೆಟ್ಟಗೆ ತೋರಿಸುವುದಿಲ್ಲ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸಿನ ಎರಡೂ ಬದಿ, ರಿಲೇಯ 30, 87 ನಂಬರಿನ ಟರ್ಮಿನಲ್ ಹೀಗೆ ಒಂದೊಂದೇ ಜಾಗಕ್ಕೆ ಪ್ರೋಬ್ ಇಡುತ್ತಾ ಹೋಗಿ. ನಷ್ಟವಾಗುವ ಕಡೆ ಸಂಖ್ಯೆ ತಟ್ಟನೆ ಜಿಗಿಯುತ್ತದೆ. ಬ್ಯಾಟರಿ ಮೈನಸ್‌ನಿಂದ, ಪ್ಲಗ್ಗುಗಳು ಕೂರುವ ಎಂಜಿನ್ ಹೆಡ್‌ಗೆ ಅರ್ತಿಂಗನ್ನೂ ಹೀಗೇ ನೋಡಿ.

ಕೀ ಆಫ್ ಮಾಡಿದ ಮೇಲೂ ಕ್ಲ್ಯಾಂಪಿನಲ್ಲಿ ಕರೆಂಟ್ ಉಳಿದಿದ್ದರೆ ರಿಲೇ ಅಂಟಿಕೊಂಡಿದೆ. ತಡ ಮಾಡಿದರೆ ಬ್ಯಾಟರಿ ಖಾಲಿಯಾಗುವುದಷ್ಟೇ ಅಲ್ಲ, ಪ್ಲಗ್ಗಿನ ತುದಿ ಊದಿಕೊಂಡು ಹೆಡ್ಡಿನಿಂದ ಹೊರಗೇ ಬರುವುದಿಲ್ಲ.

ರಿಲೇಗೆ ಸಿಗ್ನಲ್ಲೇ ಬಾರದಿದ್ದರೆ ಎಂಜಿನ್ ಎಷ್ಟು ಬಿಸಿ ಅಂತ ಅಳೆಯುವ ಕೂಲಂಟ್ ಸೆನ್ಸರ್ ಮೇಲೆ ಮೊದಲ ಅನುಮಾನ. ತಣ್ಣಗಿರುವ ಎಂಜಿನ್ನನ್ನು ಬಿಸಿ ಅಂತ ಹೇಳುತ್ತಿದ್ದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪ್ಲಗ್ ಆನ್ ಮಾಡುವುದಿಲ್ಲ, ದೋಷದ ಕೋಡೂ ಬಾರದಿರಬಹುದು. ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಸಾಮಾನ್ಯ ಎನ್‌ಟಿಸಿ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಚಿಲ್ಲರೆ. ಸೆನ್ಸರ್ ಕಪ್ಲರ್ ತೆಗೆದು ಅಲ್ಲಿಗೆ ಗುಂಡಿ ತಿರುಗಿಸಿ ರೆಸಿಸ್ಟೆನ್ಸ್ ಬದಲಿಸುವ 10 ಕಿಲೋ ಓಮ್ ಪೊಟೆನ್ಶಿಯೋಮೀಟರ್ ಕೊಟ್ಟರೆ, ಬಿಸಿ ವಾತಾವರಣದಲ್ಲೂ ಎಂಜಿನ್ನಿಗೆ ಚಳಿ ಹುಟ್ಟಿಸಬಹುದು. ಕಪ್ಲರ್ ಸುಮ್ಮನೆ ತೆಗೆದಿಟ್ಟರೆ ಹೊಸ ಇಸಿಯುಗಳು ಬದಲಿ ಮೌಲ್ಯ ಇಟ್ಟುಕೊಂಡು ಆಟ ಆಡಿಸುತ್ತವೆ. ಯಾವ ಎಂಜಿನ್ನಿಗೆ ಎಷ್ಟು ಕಿಲೋ ಓಮಿಗೆ ಗುಂಡಿ ನಿಲ್ಲಿಸಬೇಕು ಅನ್ನುವ ಪಟ್ಟಿ ಮಾತ್ರ ನನ್ನ ಡೈರಿಯಲ್ಲೇ ಇರಲಿ.

ಒಂದು ಪ್ಲಗ್ ಸತ್ತಿದೆ ಅಂತಾದಾಗ ಲೋಹದ ಪಟ್ಟಿ ಬಿಚ್ಚಿ, 30 ಆಂಪಿಯರ್ ಫ್ಯೂಸ್ ಹಾಕಿದ ಜಂಪರಿನಿಂದ ಒಂದೊಂದಕ್ಕೇ ಬ್ಯಾಟರಿ ಕೊಟ್ಟು ಕ್ಲ್ಯಾಂಪ್ ನೋಡಿ. ಏನೂ ಎಳೆಯದಿರುವುದು ಸತ್ತದ್ದು, ಉಳಿದವುಗಳಿಗಿಂತ ಹೆಚ್ಚು ಎಳೆಯುವುದು ಒಳಗೆ ಶಾರ್ಟ್ ಆದದ್ದು. ಇದು 12 ವೋಲ್ಟ್ ಪ್ಲಗ್ಗಿಗೆ ಮಾತ್ರ! ಮೈಮೇಲೆ 4.4, 5 ಅಥವಾ 7 ವೋಲ್ಟ್ ಅಂತಿದ್ದರೆ ಬ್ಯಾಟರಿ ತಾಗಿಸಿ ಹಿಡಿದರೆ ಸುಟ್ಟೇ ಹೋಗುತ್ತದೆ. ಅವುಗಳಲ್ಲಿ ಕಂಟ್ರೋಲರ್ ಮೊದಲ ಎರಡು ಸೆಕೆಂಡು ಹೆಚ್ಚು ವೋಲ್ಟೇಜ್ ಕೊಟ್ಟು, ಆಮೇಲೆ ತುಂಡುತುಂಡಾಗಿ ಕೊಡುತ್ತದೆ. ಮೇನ್ ವೈರಿನಲ್ಲಿ ಬರೀ ಸರಾಸರಿ ಕಾಣುವುದರಿಂದ ಒಂದೊಂದು ಪ್ಲಗ್ಗಿನ ವೈರಿಗೇ ಕ್ಲ್ಯಾಂಪ್ ಹಾಕಿ ನಾಲ್ಕನ್ನೂ ಹೋಲಿಸಬೇಕು. ಆಸಿಲೋಸ್ಕೋಪ್ ಇದ್ದರೆ ಕೆಲಸ ಇನ್ನೂ ಹಗುರ. ಪಿ0671ರಿಂದ ಪಿ0674ರವರೆಗಿನ ಕೋಡ್ ಸಿಲಿಂಡರ್ ಯಾವುದು ಅಂತ ಹೇಳುತ್ತದೆಯೇ ಹೊರತು ಪ್ಲಗ್ಗೇ ಹೋಗಿದೆ ಅಂತಲ್ಲ. ಅದರ ವೈರನ್ನು ಪಕ್ಕದ ಪ್ಲಗ್ಗಿಗೆ ಅದಲುಬದಲು ಮಾಡಿ. ಕೋಡ್ ಅದೇ ನಂಬರಿನಲ್ಲಿ ನಿಂತರೆ ವೈರ್ ಇಲ್ಲವೇ ಕಂಟ್ರೋಲರ್, ಬದಲಾದರೆ ಪ್ಲಗ್.

ಬಿಚ್ಚಲೇಬೇಕಾದಾಗ ಎಂಜಿನ್ ಬಿಸಿ ಇರಲಿ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಎಂ8 (8 ಮಿ.ಮೀ. ಥ್ರೆಡ್ಡಿನ) ಪ್ಲಗ್ಗಿಗೆ ತಿರುಗಿಸುವ ಬಲ 20 ನ್ಯೂಟನ್ ಮೀಟರ್ ದಾಟಿದರೆ ಮುರಿಯುವ ಭಯ, ಎಂ10 ಆದರೆ 35. ಹಾಕುವಾಗ ಎಂ8ಗೆ 10 ಸಾಕು, ಮೇಲಿನ ಎಂ4 ನಟ್ಟಿಗೆ ಎರಡೇ. ಹಳೆ ಪ್ಲಗ್ಗಿನ ತುದಿ ಕರಗಿದ್ದರೆ ಹೊಸದು ಹಾಕುವ ಮೊದಲು ಆ ಸಿಲಿಂಡರಿನ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆಯಾ ನೋಡಿ. ಇಲ್ಲದಿದ್ದರೆ ಹೊಸ ಪ್ಲಗ್ಗೂ ಹಾಗೇ ಕರಗುತ್ತದೆ.